ಹೆಸರಿನ ತುದಿಗೆ ಅಂಟಿದ ಲೆಕ್ಕಣಿಕೆ

1481ರ ಏಪ್ರಿಲ್ 5. ಬಹಮನಿ ಸುಲ್ತಾನ ಮೂರನೆಯ ಮುಹಮ್ಮದ್ ಶಾಹನ ದಂಡು ಆಂಧ್ರದ ಕೊಂಡಪಲ್ಲಿಯಲ್ಲಿ ಬೀಡುಬಿಟ್ಟಿತ್ತು. ಅಮಲೇರಿದ್ದ ಸುಲ್ತಾನನ ಕೈಗೆ ಯಾರೋ ಒಂದು ಕಾಗದ ತಂದಿಟ್ಟರು. ಒಡಿಶಾದ ಗಜಪತಿ ಅರಸನಿಗೆ ಬರೆದ ಕಾಗದ ಅದು. ಸುಲ್ತಾನನ ಕುಡಿತದಿಂದ ರಾಜ್ಯ ಬೇಸತ್ತಿದೆ, ನೀನು ದಂಡೆತ್ತಿ ಬಾ, ಗೆದ್ದ ನಾಡನ್ನು ಇಬ್ಬರೂ ಹಂಚಿಕೊಳ್ಳೋಣ ಎಂಬ ಅರ್ಥದ ಮಾತು ಅದರಲ್ಲಿತ್ತು. ಕೆಳಗೆ ಪ್ರಧಾನ ಮಂತ್ರಿ ಮಹಮೂದ್ ಗಾವಾನನ ಮುದ್ರೆ.

ಮಂತ್ರಿಯನ್ನು ಕರೆಸಿದರು. ಎಪ್ಪತ್ತು ದಾಟಿದ ಮುದುಕ. ಬೀದರಿನಲ್ಲಿ ಇಂದಿಗೂ ಅರ್ಧ ನಿಂತಿರುವ ಮದರಸಾ ಕಟ್ಟಿಸಿದವನು, ಪಾರಸಿಯಲ್ಲಿ ಪತ್ರ ಬರೆಯುವ ಕಲೆಯ ಮೇಲೆ ಪುಸ್ತಕವನ್ನೇ ಬರೆದವನು. ಮುದ್ರೆ ನನ್ನದೇ, ಒಕ್ಕಣೆ ನನ್ನದಲ್ಲ ಎಂದ. ನಿಜ ಅದೇ ಆಗಿತ್ತು. ಅವನ ಮುದ್ರೆ ಕಾಯುತ್ತಿದ್ದ ಸೇವಕನನ್ನು ಒಲಿಸಿಕೊಂಡು, ವೈರಿಗಳು ಒಂದು ಖಾಲಿ ಹಾಳೆಗೆ ಮುದ್ರೆ ಒತ್ತಿಸಿಕೊಂಡಿದ್ದರು. ಒಕ್ಕಣೆ ಆಮೇಲೆ ಬಂದು ಕೂತಿತ್ತು. ವಿಚಾರಣೆ ನಡೆಯಲಿಲ್ಲ. ಗಾವಾನನ ತಲೆ ಅಲ್ಲೇ ಉರುಳಿತು. ಸುಲ್ತಾನ ಮರು ವರ್ಷವೇ ತೀರಿಕೊಂಡ. ಮುಂದಿನ ಕೆಲವು ದಶಕಗಳಲ್ಲಿ ಬಹಮನಿ ರಾಜ್ಯ ಒಡೆದು ಐದಾಯಿತು. ಅವುಗಳಲ್ಲೊಂದು ವಿಜಾಪುರ.

ಪತ್ರಶಾಸ್ತ್ರ ಬರೆದವನನ್ನೇ ಒಂದು ಪತ್ರ ನುಂಗಿತು. ಕಾಗದದ ಮೇಲೆ ನಡೆಯುವ ರಾಜ್ಯದಲ್ಲಿ ಕಾಗದ ಯಾರ ಕೈಯಲ್ಲಿದೆ ಅನ್ನುವುದು ತಲೆ ಉಳಿಯುವ, ಉರುಳುವ ಪ್ರಶ್ನೆ. ಆ ಕೈಗಳಿಗೆ ದಖ್ಖನ್ನಿನಲ್ಲಿ ಒಂದು ಹೆಸರಿತ್ತು. ಆ ಹೆಸರು ಈಗಲೂ ಧಾರವಾಡ, ಬೆಳಗಾವಿ, ವಿಜಾಪುರದ ಕೆಲವೇ ಮನೆಗಳ ಬಾಗಿಲ ಮೇಲೆ, ಮಹಾರಾಷ್ಟ್ರದ ಇನ್ನಷ್ಟು ಮನೆಗಳ ಬಾಗಿಲ ಮೇಲೆ ಉಳಿದುಕೊಂಡಿದೆ: ಖಾಸನೀಸ, ಚಿಟನೀಸ, ಫಡನೀಸ, ಪೋತನೀಸ, ಸಬನೀಸ, ಕಾರಖಾನೀಸ, ಹಸಬನೀಸ, ಪಾರಸನೀಸ. ಉತ್ತರ ಕರ್ನಾಟಕದವರು ಅಡ್ಡಹೆಸರು ಅನ್ನುವ ಈ ಮನೆತನದ ಹೆಸರುಗಳೆಲ್ಲ ಒಂದೇ ಬಾಲಕ್ಕೆ ಕಟ್ಟಿದ ಬೇರೆ ಬೇರೆ ತಲೆಗಳು.

ಬಾಲ ಪಾರಸಿಯದು. ಬರೆಯುವುದಕ್ಕೆ ಆ ಭಾಷೆಯಲ್ಲಿ ‘ನವಿಶ್ತನ್’ ಎನ್ನುತ್ತಾರೆ, ಬರೆಯುವವನು ‘ನವೀಸ್’. ಮರಾಠಿ, ಕನ್ನಡ ನಾಲಗೆಗಳ ಮೇಲೆ ಹೊರಳಿ ಹೊರಳಿ ಅದು ‘ನೀಸ’ ಆಯಿತು. ಚಿಠ್ಠಿ ಬರೆಯುವವನು ಚಿಟನೀಸ. ಹಿಸಾಬು, ಅಂದರೆ ಲೆಕ್ಕ ಬರೆಯುವವನು ಹಸಬನೀಸ. ಖಜಾನೆಯ ‘ಪೋತ’ದ ಲೆಕ್ಕ ಇಡುವವನು ಪೋತನೀಸ. ಕಾರಖಾನೆ, ಅಂದಿನ ಅರ್ಥದಲ್ಲಿ ಉಗ್ರಾಣ, ಅದರ ದಾಸ್ತಾನು ಬರೆಯುವವನು ಕಾರಖಾನೀಸ. ಅರಸನ ಖಾಸಾ ಕಾಗದಗಳನ್ನು, ಖಾಸಗಿ ಖರ್ಚನ್ನು ನೋಡಿಕೊಳ್ಳುವವನು ಖಾಸನೀಸ. ಪಾರಸಿ ಪತ್ರಗಳನ್ನು ಬರೆದು ಓದಿ ಹೇಳುವವನು ಪಾರಸನೀಸ. ಫಡನೀಸದ ಬಗ್ಗೆ ಮಾತ್ರ ಪಂಡಿತರಲ್ಲಿ ಎರಡು ಮಾತಿದೆ. ಪಟ್ಟಿ ಅಥವಾ ಹಾಳೆ ಎಂಬ ಅರ್ಥದ ‘ಫರ್ದ್’ನಿಂದ ಬಂದದ್ದು ಎಂದು ಕೆಲವರು, ಕಚೇರಿ ಎಂಬ ಅರ್ಥದ ‘ಫಡ’ದಿಂದ ಎಂದು ಇನ್ನು ಕೆಲವರು. ಪುಣೆಯಲ್ಲಿ ಪೇಶ್ವೆಗಳ ಕೇಂದ್ರ ಕಚೇರಿಯಾಗಿದ್ದ ಹುಜೂರು ದಫ್ತರದಲ್ಲಿ ‘ಫಡ’ ಎಂಬ ವಿಭಾಗವೇ ಇತ್ತು, ಅದು ಫಡನೀಸನ ಕೈಕೆಳಗೇ ಇತ್ತು. ಕಬ್ಬಿನ ಫಡ, ಕುಸ್ತಿಯ ಫಡ ಎನ್ನುವ ನಮ್ಮ ಕಡೆಯವರಿಗೆ ಎರಡನೆಯ ವಾದ ಬೇಗ ಹಿಡಿಸುತ್ತದೆ; ಆದರೆ ‘ನೀಸ’ದ ಉಳಿದ ಹಲವು ಹೆಸರುಗಳ ತಲೆಯ ಮೇಲೆ ಬರವಣಿಗೆಯ ವಸ್ತುವೇ ಕೂತಿರುವುದರಿಂದ ಮೊದಲ ವಾದವನ್ನೂ ತಳ್ಳಿಹಾಕುವಂತಿಲ್ಲ.

ಈ ಹೆಸರುಗಳು ಏಕೆ ಇಷ್ಟು ವಿರಳ? ಕುಲಕರ್ಣಿಯೂ ಲೆಕ್ಕ ಬರೆಯುವವನೇ. ಆದರೆ ಕುಲಕರ್ಣಿಯವರು ಊರಿಗೊಬ್ಬರು ಸಿಗುತ್ತಾರೆ. ಉತ್ತರ ಆ ಮಾತಿನಲ್ಲೇ ಇದೆ. ಕುಲಕರ್ಣಿಕೆ ಹಳ್ಳಿಯ ಹುದ್ದೆ, ಹಳ್ಳಿಗಳು ಸಾವಿರಾರು. ಸಿಪಾಯಿಗಳ ಹಾಜರಿ ಬರೆಯುವ ಸಬನೀಸನಿಗೆ ಒಂದು ಕೋಟೆ ಬೇಕು, ಚಿಟನೀಸನಿಗೆ, ಖಾಸನೀಸನಿಗೆ ಒಂದು ಆಸ್ಥಾನವೇ ಬೇಕು. ವಿಜಯನಗರದಲ್ಲಿ ಅರಸನ ಪತ್ರ ಬರೆಯುವವನನ್ನು ‘ರಾಯಸ’ ಎನ್ನುತ್ತಿದ್ದರು. ಬಳ್ಳಾರಿಯಿಂದ ಆಂಧ್ರದವರೆಗೆ ಅಲ್ಲೊಂದು ಇಲ್ಲೊಂದು ‘ರಾಯಸಂ’ ಮನೆತನ ಸಿಗುವುದೂ ಇದೇ ಲೆಕ್ಕಾಚಾರದಿಂದ. ಊರಿನ ಲೆಕ್ಕಿಗನ ಹೆಸರು ಊರಷ್ಟೇ ಹಬ್ಬಿತು, ಅರಸನ ಲೆಕ್ಕಿಗನ ಹೆಸರು ಅರಸರಷ್ಟೇ ಉಳಿಯಿತು.

*

ಪಾರಸಿ ಬಾಲದ ಹುದ್ದೆಗಳು ಪಾರಸಿ ಬಾರದ ಮನೆಗಳಿಗೆ ಬಂದದ್ದು ಒಂದು ತಿರುವಿನಲ್ಲಿ. 1534ರಲ್ಲಿ ವಿಜಾಪುರದ ಗದ್ದುಗೆ ಏರಿದ ಒಂದನೆಯ ಇಬ್ರಾಹಿಂ ಆದಿಲಶಾಹನಿಗೆ ಇರಾನಿನಿಂದ, ಮಧ್ಯ ಏಷ್ಯಾದಿಂದ ಬಂದ ಸರದಾರರ ಮೇಲೆ ನಂಬಿಕೆ ಇರಲಿಲ್ಲ. ಅವರಲ್ಲಿ ಹೆಚ್ಚಿನವರನ್ನು ಸೇವೆಯಿಂದ ಬಿಡಿಸಿ, ಈ ನೆಲದ ದಖ್ಖನಿಗಳನ್ನು ಹತ್ತಿರ ಬಿಟ್ಟುಕೊಂಡ. ಅದರ ಬೆನ್ನಿಗೇ ಇನ್ನೊಂದು ಹುಕುಂ ಹೊರಟಿತು: ಕಂದಾಯದ ಲೆಕ್ಕಗಳು ಇನ್ನು ಮುಂದೆ ಪಾರಸಿಯಲ್ಲಿ ಅಲ್ಲ, ನಾಡಿನ ಭಾಷೆಯಲ್ಲಿ ಇರಲಿ. ಲೆಕ್ಕದ ಕೆಲಸ ಬ್ರಾಹ್ಮಣರ ಕೈಗೆ ಬಂತು.

ವಿಜಾಪುರದ ಆಸ್ಥಾನದಲ್ಲೇ ಕೂತು ಕೆಲವು ದಶಕಗಳ ನಂತರ ಚರಿತ್ರೆ ಬರೆದ ಫಿರಿಶ್ತಾ ಆ ಭಾಷೆಯನ್ನು ‘ಹಿಂದವಿ’ ಎಂದಷ್ಟೇ ಕರೆದಿದ್ದಾನೆ. ಅದು ಮರಾಠಿ ಎಂದು ಹಲವರು ಓದಿದ್ದಾರೆ; ಪಾರಸಿ ಅಲ್ಲದ ಯಾವುದೇ ನಾಡನುಡಿಗೂ ಆ ಹೆಸರು ಸಲ್ಲುತ್ತಿತ್ತು ಎನ್ನುವವರೂ ಇದ್ದಾರೆ. ಕೃಷ್ಣೆಯ ಈಚೆಯ ಹಳ್ಳಿಗಳಲ್ಲಿ ಲೆಕ್ಕದ ಕಡತ ಕನ್ನಡದಲ್ಲಿ ನಡೆಯುತ್ತಿತ್ತು ಎಂಬುದನ್ನು ನೆನೆದರೆ, ಒಂದೇ ಭಾಷೆಗೆ ಗಂಟು ಹಾಕುವ ಅಗತ್ಯ ಕಾಣುವುದಿಲ್ಲ.

ಇಲ್ಲಿ ಒಂದು ವಿಚಿತ್ರ ನಡೆಯಿತು. ಬರೆಯುವ ಭಾಷೆ ಬದಲಾಯಿತು, ಬರೆಯುವವನ ಹೆಸರು ಬದಲಾಗಲಿಲ್ಲ. ಮೋಡಿ ಲಿಪಿಯಲ್ಲಿ ಮರಾಠಿ ಬರೆಯುವ ಬ್ರಾಹ್ಮಣ ಪಾರಸಿಯ ‘ನವೀಸ’ನಾಗಿಯೇ ಉಳಿದ. ಹುದ್ದೆಯ ಹೆಸರನ್ನು ಬದಲಿಸುವ ಪ್ರಯತ್ನ ನಡೆದದ್ದು ಇನ್ನೂ ನೂರಕ್ಕೂ ಹೆಚ್ಚು ವರ್ಷದ ಮೇಲೆ, ವಿಜಾಪುರದ ಒಬ್ಬ ಸರದಾರನ ಮಗನಿಂದ.

ಆ ಮಗ, ಶಿವಾಜಿ, ಕಾಗದದ ಅಪಾಯವನ್ನು ಚೆನ್ನಾಗಿ ಬಲ್ಲವನು. ಅವನ ಕೋಟೆಗಳ ಏರ್ಪಾಡು ನೋಡಿದರೆ ಅದು ತಿಳಿಯುತ್ತದೆ. ಪ್ರತಿ ಕೋಟೆಗೆ ಸರಿಸಮನಾದ ಮೂವರು ಅಧಿಕಾರಿಗಳು. ಬಾಗಿಲಿನ ಬೀಗದ ಕೈ ಹವಾಲದಾರನ ಬಳಿ, ಅವನು ಮರಾಠ. ಸಿಪಾಯಿಗಳ ಹಾಜರಿ ಮತ್ತು ಲೆಕ್ಕಪತ್ರ ಸಬನೀಸನ ಬಳಿ, ಅವನು ಬ್ರಾಹ್ಮಣ. ದವಸ, ಮದ್ದುಗುಂಡಿನ ಉಗ್ರಾಣ ಕಾರಖಾನೀಸನ ಬಳಿ. ಅವನು ಕಾಯಸ್ಥ ಪ್ರಭು. ಮೂವರೂ ಬೇರೆ ಬೇರೆ ಜಾತಿಯವರಾದ್ದರಿಂದ ಒಳಗೊಳಗೇ ನಂಟಸ್ತನ ಬೆಳೆಸಿ ಕೋಟೆಯನ್ನು ಶತ್ರುವಿಗೆ ಮಾರುವುದು ಸುಲಭವಿರಲಿಲ್ಲ. ಬಾಗಿಲು ತೆರೆಯಬಲ್ಲವನಿಗೆ ಉಗ್ರಾಣದಲ್ಲಿ ಏನಿದೆ ಗೊತ್ತಿಲ್ಲ, ಉಗ್ರಾಣ ಬಲ್ಲವನ ಬಳಿ ಬಾಗಿಲ ಕೀಲಿ ಇಲ್ಲ, ಇಬ್ಬರ ಲೆಕ್ಕವನ್ನೂ ಮೂರನೆಯವನು ಬರೆದಿಟ್ಟಿದ್ದಾನೆ. ಒಂದು ಕತ್ತಿಗೆ ಎರಡು ಲೆಕ್ಕಣಿಕೆ ಕಾವಲು. ಇವತ್ತಿನ ಸಬನೀಸರೂ ಕಾರಖಾನೀಸರೂ ಈ ಅನುಮಾನದ ಮಕ್ಕಳು.

ಪತ್ರದ ವಿಷಯದಲ್ಲೂ ಅಷ್ಟೇ ಎಚ್ಚರ. ಮೋಡಿ ಬರೆಯುವವನು ಮೊದಲು ಹಾಳೆಯ ಉದ್ದಕ್ಕೂ ಒಂದು ಗೆರೆ ಎಳೆಯುತ್ತಿದ್ದ. ಆಮೇಲೆ ಜೊಂಡಿನ ಲೆಕ್ಕಣಿಕೆಯನ್ನು ಮಸಿಕುಡಿಕೆಯಲ್ಲಿ ಅದ್ದಿ, ಆ ಗೆರೆಗೆ ಅಕ್ಷರಗಳನ್ನು ತೂಗುಹಾಕುತ್ತ, ಕೈ ಎತ್ತದೆ ಸಾಗುತ್ತಿದ್ದ. ಪದಕ್ಕೂ ಪದಕ್ಕೂ ನಡುವೆ ಜಾಗವಿಲ್ಲ; ಜಾಗವಿದ್ದರೆ ತಾನೇ ಯಾರಾದರೂ ಒಂದು ಪದ ತೂರಿಸುವುದು? ಒಕ್ಕಣೆ ಮುಗಿದ ಕೂಡಲೇ ಅದರ ಕೆಳಗೆ ಚಿಕ್ಕದೊಂದು ಮುದ್ರೆ: ‘ಮರ್ಯಾದೇಯಂ ವಿರಾಜತೇ’. ಎಲ್ಲೆ ಇಲ್ಲಿಗೆ ಎಂದು ಅರ್ಥ. ಅದರ ಕೆಳಗೆ ಏನೇ ಬರೆದರೂ ಅದು ಅರಸನ ಮಾತಲ್ಲ. ಉದ್ದದ ಪತ್ರವಾದರೆ ಹಾಳೆಗೆ ಹಾಳೆ ಅಂಟಿಸಿ, ಅಂಟಿನ ಬೆನ್ನಿಗೂ ಮುದ್ರೆ ಒತ್ತುತ್ತಿದ್ದರು, ನಡುವೆ ಬೇರೆ ಹಾಳೆ ಸೇರದಿರಲೆಂದು. ಗಾವಾನನ ಮುದ್ರೆಯ ಮೇಲೆ ಬಂದು ಕೂತ ಒಕ್ಕಣೆಗೆ ಇಲ್ಲಿ ಜಾಗವೇ ಇರಲಿಲ್ಲ.

*

1674ರ ಜೂನ್ 6ರಂದು ರಾಯಗಡದಲ್ಲಿ ಪಟ್ಟಾಭಿಷೇಕ. ಶಿವಾಜಿ ಅಂದು ಛತ್ರಪತಿಯಾದ. ಅವನ ಮಂತ್ರಿಗಳಿಗೂ ಹೊಸ ಹೆಸರು ಬಂತು. ಪೇಶ್ವೆ ಮುಖ್ಯ ಪ್ರಧಾನನಾದ, ಮಜುಮದಾರ ಅಮಾತ್ಯನಾದ, ಡಬೀರ ಸುಮಂತನಾದ, ಸರನೌಬತ ಸೇನಾಪತಿಯಾದ. ‘ನೀಸ’ದ ಇಬ್ಬರು ದೊಡ್ಡವರೂ ತಪ್ಪಿಸಿಕೊಳ್ಳಲಿಲ್ಲ: ಸುರನೀಸನು ಸಚಿವ, ವಾಕನೀಸನು ಮಂತ್ರಿ. ಆಡಳಿತದ ಪಾರಸಿ ಪದಗಳಿಗೆಲ್ಲ ಸಂಸ್ಕೃತ ಸೂಚಿಸುವ ‘ರಾಜ್ಯವ್ಯವಹಾರಕೋಶ’ ಎಂಬ ನಿಘಂಟೂ ಸಿದ್ಧವಾಯಿತು. ಅದನ್ನು ಬರೆದವನು ರಘುನಾಥಪಂತ ಹಣಮಂತೆಯೋ, ಅವನ ಹೇಳಿಕೆಯಂತೆ ಬರೆದ ಬೇರೆ ಪಂಡಿತನೋ ಎಂಬ ಚರ್ಚೆ ಇದೆ.

ಫಲ ಏನಾಯಿತು? ಇತಿಹಾಸಕಾರ ವಿ. ಕಾ. ರಾಜವಾಡೆ ಹಳೆಯ ಮರಾಠಿ ಕಾಗದಗಳನ್ನು ಮುಂದಿಟ್ಟುಕೊಂಡು ಪದಗಳನ್ನು ಎಣಿಸಿದರು. 1628ರ ಒಂದು ಕಾಗದದಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪದ ಪಾರಸಿ. ನೂರು ವರ್ಷದ ಮೇಲೆ, 1728ರ ಕಾಗದದಲ್ಲಿ ನೂರಕ್ಕೆ 10ಕ್ಕಿಂತ ಕಡಿಮೆ. ಬೇರೆ ಕಾಗದ ಆರಿಸಿಕೊಂಡಿದ್ದರೆ ಲೆಕ್ಕ ಬೇರೆ ಬರುತ್ತಿತ್ತು ಎಂಬ ಆಕ್ಷೇಪ ಉಂಟು. ಆದರೂ ಗಾಳಿ ಯಾವ ದಿಕ್ಕಿಗೆ ಬೀಸಿತು ಎಂಬುದು ತಿಳಿಯುತ್ತದೆ.

ಆ ಗಾಳಿಗೂ ಅಲುಗದೆ ನಿಂತದ್ದು ಕೆಳಗಿನ ಹುದ್ದೆಗಳ ಹೆಸರು. ಅಷ್ಟಪ್ರಧಾನರು ಎಂಟೇ ಜನ. ಅವರನ್ನು ಒಂದೇ ದಿನದ ಸಮಾರಂಭದಲ್ಲಿ ಹೊಸ ಹೆಸರಿಡಿದು ಕರೆಯಬಹುದು. ಕೋಟೆ ಕೋಟೆಯ ಸಬನೀಸನನ್ನು, ಕಚೇರಿಯ ಪೋತನೀಸನನ್ನು, ದಿನಕ್ಕೆ ಹತ್ತು ಸಲ ಕೂಗಿ ಕರೆಯುವ ಚಿಟನೀಸನನ್ನು ನಿಘಂಟು ನೋಡಿ ಯಾರು ಕರೆಯುತ್ತಾರೆ? ಮುಂದೆ ಪುಣೆಯ ಪೇಶ್ವೆಗಳಿಗೆ ದೆಹಲಿಯೊಂದಿಗೆ, ಹೈದರಾಬಾದಿನೊಂದಿಗೆ ವ್ಯವಹಾರ ಬೆಳೆದಾಗ ಪಾರಸಿ ಬಲ್ಲವನಿಲ್ಲದೆ ಕೆಲಸ ಸಾಗಲಿಲ್ಲ. ಪಾರಸನೀಸನ ಗಾದಿ ಭದ್ರವಾಗಿಯೇ ಇತ್ತು. ಇನ್ನೂ ಒಂದು ತಮಾಷೆ ಇದೆ. ಪಾರಸಿಯನ್ನು ಓಡಿಸಲು ಬಂದ ಸಂಸ್ಕೃತ ಹೆಸರುಗಳೂ ಅದೇ ದಾರಿ ಹಿಡಿದವು. ಭೋರ ಸಂಸ್ಥಾನದ ಅರಸರು ‘ಪಂತ ಸಚಿವ’ರಾದರು, ಬಾವಡಾದ ಜಹಗೀರದಾರರು ‘ಪಂತ ಅಮಾತ್ಯ’ರಾದರು. ಹುದ್ದೆ ಯಾವ ಭಾಷೆಯಲ್ಲಿದ್ದರೂ ಮೂರು ತಲೆಮಾರು ಒಂದೇ ಮನೆಯಲ್ಲಿ ಕೂತರೆ ಮನೆತನದ ಹೆಸರಾಗುವ ಚಾಳಿ ಬಿಡಲಿಲ್ಲ.

*

ಈ ಮೂರು ತಲೆಮಾರಿನ ಕಥೆಯನ್ನು ಕಣ್ಣಾರೆ ಕಾಣಬೇಕಾದರೆ ಚಿಟನೀಸರ ಮನೆಯನ್ನು ನೋಡಬೇಕು. ಅವರ ಮೂಲ ಹೆಸರು ಚಿತ್ರೆ. ಕೊಂಕಣದ ಕಾಯಸ್ಥ ಪ್ರಭುಗಳು. ಮನೆತನದ ಪರಂಪರೆ ಹೇಳುವಂತೆ, ಜಂಜಿರಾದ ಸಿದ್ದಿಯ ಬಳಿ ಕೆಲಸಕ್ಕಿದ್ದ ಆವಜಿ ಹರಿ ಎಂಬವನನ್ನು ಸಿದ್ದಿಯೇ ಕೊಲ್ಲಿಸಿದ. ಹೆಂಡತಿ ಮಕ್ಕಳನ್ನು ಮಾರಲು ಕಳಿಸಿದ. ರಾಜಾಪುರದಲ್ಲಿ ಆಕೆಯ ಅಣ್ಣನೇ ಹಣ ತೆತ್ತು ಅವರನ್ನು ಬಿಡಿಸಿಕೊಂಡ. ಆ ಮಕ್ಕಳಲ್ಲಿ ಹಿರಿಯ ಬಾಳಾಜಿ. ಅವನ ಕೈಬರಹ ಶಿವಾಜಿಯ ಕಣ್ಣಿಗೆ ಬಿತ್ತು, ಅವನು ಚಿಟನೀಸನಾದ.

ಬಾಳಾಜಿ ಆವಜಿಯ ಬಗ್ಗೆ ಮಹಾರಾಷ್ಟ್ರದ ಮಕ್ಕಳೆಲ್ಲ ಕೇಳಿ ಬೆಳೆದ ಒಂದು ಕಥೆಯಿದೆ. ಒಂದು ದಿನ ಶಿವಾಜಿ ಮುಖ್ಯವಾದ ಪತ್ರವೊಂದನ್ನು ಬರೆಯಲು ಹೇಳಿದ. ಕೆಲಸದ ಗದ್ದಲದಲ್ಲಿ ಬಾಳಾಜಿಗೆ ಸಾಧ್ಯವಾಗಲಿಲ್ಲ. ರಾತ್ರಿ ಅರಸ ಓದು ಎಂದಾಗ, ಅವನು ಚೀಲದಿಂದ ಒಂದು ಹಾಳೆ ತೆಗೆದು ತಡವರಿಸದೆ ಒಕ್ಕಣೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ಪಂಜು ಹಿಡಿದು ಪಕ್ಕದಲ್ಲಿ ನಿಂತಿದ್ದ ಆಳು ಕಿಸಕ್ಕನೆ ನಕ್ಕ. ಹಾಳೆ ಖಾಲಿಯಾಗಿತ್ತು! ಗುಟ್ಟು ರಟ್ಟಾದಾಗ ಅರಸ ಸಿಟ್ಟಾಗಲಿಲ್ಲ, ಮೆಚ್ಚಿದ. ಇದು ನಡೆದದ್ದಕ್ಕೆ ಸಮಕಾಲೀನ ಆಧಾರ ಕೇಳಿದರೆ ಕಷ್ಟ. ಆದರೆ ಕಥೆ ಹುಟ್ಟಿದ ಜಾಗ ಸರಿಯಾಗಿದೆ. ಗಾವಾನನ ಮುದ್ರೆ ಬಿದ್ದ ಖಾಲಿ ಹಾಳೆಯ ಮೇಲೆ ಪರರ ಮಾತು ಬಂದು ಕೂತಿತು. ಬಾಳಾಜಿಯ ಖಾಲಿ ಹಾಳೆಯಲ್ಲಿ ಅರಸನದೇ ಮಾತಿತ್ತು. ಅರಸನ ಮನಸ್ಸನ್ನು ಬರೆಯದೆಯೂ ಓದಬಲ್ಲವನೇ ಒಳ್ಳೆಯ ಚಿಟನೀಸ. ಅಂಥವನು ಅರಸನಿಗೆ ಎಷ್ಟು ಬೇಕಾದವನೋ ಮುಂದಿನ ಅರಸನಿಗೆ ಅಷ್ಟೇ ಅಪಾಯದವನು.

1680ರಲ್ಲಿ ಶಿವಾಜಿ ತೀರಿಕೊಂಡ. ಗಾದಿ ಯಾರಿಗೆ ಎಂಬ ಜಗಳದಲ್ಲಿ ಮಂತ್ರಿಗಳು ಎರಡಾದರು, ಹಿರಿಯ ಮಗ ಸಂಭಾಜಿ ಗೆದ್ದ. ಮರು ವರ್ಷ, ತಂದೆ ಔರಂಗಜೇಬನ ವಿರುದ್ಧ ದಂಗೆಯೆದ್ದು ಮರಾಠರ ಆಶ್ರಯಕ್ಕೆ ಬಂದಿದ್ದ ರಾಜಕುಮಾರ ಅಕ್ಬರನಿಗೆ ಕೆಲವು ಮಂತ್ರಿಗಳು ಗುಟ್ಟಾಗಿ ಪತ್ರ ಬರೆದರು. ಸಂಭಾಜಿಯನ್ನು ಇಳಿಸಲು ನೆರವು ಕೇಳಿದ ಪತ್ರ. ಅದು ಸಂಭಾಜಿಗೆ ತಿಳಿಯಿತು. ಸಿಕ್ಕಿಬಿದ್ದವರಲ್ಲಿ ಅಣ್ಣಾಜಿ ದತ್ತೋನಂಥ ಹಿರಿಯ ಸಚಿವನಿದ್ದ, ಬಾಳಾಜಿ ಆವಜಿಯೂ ಅವನ ಒಬ್ಬ ಮಗನೂ ಇದ್ದರು. ಎಲ್ಲರನ್ನೂ ಆನೆಯ ಕಾಲಿಗೆ ಹಾಕಿಸಿದರು. ಬಾಳಾಜಿ ಸಂಚಿನಲ್ಲಿ ನಿಜಕ್ಕೂ ಇದ್ದನೇ, ಲೆಕ್ಕಣಿಕೆ ಹಿಡಿದ ಕೈ ಎಂಬ ಕಾರಣಕ್ಕೇ ಸಿಕ್ಕಿಕೊಂಡನೇ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಅವನು ನಿರಪರಾಧಿ ಎನ್ನುವವರೇ ಹೆಚ್ಚು. ಇನ್ನೊಂದು ಕಾಗದ, ಇನ್ನೊಂದು ತಲೆ.

ಆಮೇಲೆ ನಡೆದದ್ದೇ ಅಡ್ಡಹೆಸರಿನ ನಿಜವಾದ ಹುಟ್ಟು. ತಂದೆಯನ್ನು ಕೊಲ್ಲಿಸಿದ ಅರಸ ಅದೇ ಮನೆಯ ಇನ್ನೊಬ್ಬ ಮಗ ಖಂಡೋ ಬಲ್ಲಾಳನಿಗೆ ಚಿಟನೀಸಿಕೆ ಕೊಟ್ಟ. ಪಶ್ಚಾತ್ತಾಪ ಎಂದು ಮರಾಠಿ ಚರಿತ್ರೆಗಳಾದ ಬಖರುಗಳು ಹೇಳುತ್ತವೆ. ಇರಬಹುದು. ಆದರೆ ಕಸುಬಿನ ಕಾರಣವೂ ಇತ್ತು. ಯಾವ ಸರದಾರನಿಗೆ ಯಾವ ಬಿರುದು ಹಚ್ಚಿ ಬರೆಯಬೇಕು, ಯಾರಿಗೆ ‘ಆಜ್ಞೆ’, ಯಾರಿಗೆ ‘ವಿಜ್ಞಾಪನೆ’, ಹಿಂದೆ ಯಾರಿಗೆ ಏನು ಮಾತು ಕೊಟ್ಟಿದ್ದೇವೆ, ಆ ಪತ್ರ ಯಾವ ಗಂಟಿನಲ್ಲಿದೆ ಎಂಬ ವಿದ್ಯೆ ಹೊರಗೆ ಎಲ್ಲೂ ಕಲಿಸುತ್ತಿರಲಿಲ್ಲ. ಮಗ ತಂದೆಯ ಮಗ್ಗುಲಲ್ಲಿ ಕೂತು ಕಲಿಯುತ್ತಿದ್ದ. ಗುಟ್ಟು ಹೊಸ ಮನೆಗೆ ಹೋಗುವುದಕ್ಕಿಂತ ಹಳೆಯ ಮನೆಯಲ್ಲೇ ಉಳಿಯುವುದು ಕ್ಷೇಮ. ಸಂಬಳ ನೆಲದ ರೂಪದಲ್ಲಿ, ವತನವಾಗಿ ಬರುತ್ತಿತ್ತು. ನೆಲವನ್ನು ಮಗ ಉಂಡರೆ ಹುದ್ದೆಯನ್ನೂ ಮಗನೇ ಉಣ್ಣುತ್ತಾನೆ. ಹೀಗೆ ಚಿತ್ರೆ ಮರೆಯಾಯಿತು, ಚಿಟನೀಸ ಉಳಿಯಿತು.

ಖಂಡೋ ಬಲ್ಲಾಳ ಆ ನಂಬಿಕೆಗೆ ಬೆಲೆ ತೆತ್ತದ್ದು ನಮ್ಮ ನೆಲದಲ್ಲಿ. 1689ರಲ್ಲಿ ಸಂಭಾಜಿ ಮೊಗಲರ ಕೈಗೆ ಸಿಕ್ಕಿ ಸತ್ತ ಮೇಲೆ ತಮ್ಮ ರಾಜಾರಾಮ ವೇಷ ಮರೆಸಿ ದಕ್ಷಿಣದ ಜಿಂಜಿಗೆ ಹೊರಟ. ಲಿಂಗಾಯತ ಯಾತ್ರಿಕರ ವೇಷ. ಕೆಳದಿಯ ಚೆನ್ನಮ್ಮ ಔರಂಗಜೇಬನ ಸಿಟ್ಟಿಗೆ ಹೆದರದೆ ದಾರಿ ಬಿಟ್ಟುಕೊಟ್ಟಳು. ಮುಂದೆ ಬೆಂಗಳೂರಿನಲ್ಲಿ ಒಬ್ಬ ಯಾತ್ರಿಕನ ಕಾಲನ್ನು ಇನ್ನೊಬ್ಬ ಬಿಸಿನೀರಲ್ಲಿ ತೊಳೆಯುವುದನ್ನು ಕಂಡು ಜನರಿಗೆ ಅನುಮಾನ ಬಂತಂತೆ. ರಾಜಾರಾಮನನ್ನು ರಾತ್ರೋರಾತ್ರಿ ದಾಟಿಸಿ ಖಂಡೋ ಬಲ್ಲಾಳ ಮತ್ತು ಕೆಲವರು ಹಿಂದೆ ಉಳಿದರು, ಹಿಡಿದವರ ಹೊಡೆತ ತಿಂದರು, ಯಾತ್ರಿಕರೆಂಬ ಮಾತು ಬಿಡಲಿಲ್ಲ, ಕೊನೆಗೆ ಬಿಡುಗಡೆಯಾದರು. ಹಿಡಿದವರು ಮೊಗಲರು ಎಂದು ಬಖರು ಹೇಳುತ್ತದೆ. ಆದರೆ ಬೆಂಗಳೂರು 1687ರಲ್ಲೇ ಮೈಸೂರಿನ ಚಿಕ್ಕದೇವರಾಜ ಒಡೆಯರ ಕೈಸೇರಿತ್ತು. ವಿವರವನ್ನು ಎಚ್ಚರದಿಂದ ಓದಬೇಕು. ಬಖರು ಬರೆದವನು ಮಲ್ಹಾರ ರಾಮರಾವ್ ಚಿಟನೀಸ, ಖಂಡೋ ಬಲ್ಲಾಳನ ವಂಶದವನೇ, ಬರೆದದ್ದು ನೂರಕ್ಕೂ ಹೆಚ್ಚು ವರ್ಷದ ಮೇಲೆ. ಅರಸರ ಕಥೆ ಬರೆಯಲು ಕೂತ ಲೆಕ್ಕಣಿಕೆ ತನ್ನ ಮನೆಯ ಕಥೆಗೂ ಸ್ವಲ್ಪ ಮಸಿ ಅದ್ದಿಕೊಂಡಿತು.

*

ಫಡನೀಸರ ಕಥೆ ಇದರ ಅವಳಿ. ಅವರ ಮೂಲ ಹೆಸರು ಭಾನು, ಊರು ಕೊಂಕಣದ ವೇಳಾಸ. ಪೇಶ್ವೆ ಬಾಳಾಜಿ ವಿಶ್ವನಾಥನ ಜೊತೆ ಘಟ್ಟ ಹತ್ತಿ ಬಂದವರು. 1719ರಲ್ಲಿ ಪೇಶ್ವೆ ದೆಹಲಿಗೆ ಹೋದಾಗ ಅಲ್ಲಿನ ಗಲಭೆಯಲ್ಲಿ ಬಾಳಾಜಿ ಮಹಾದೇವ ಭಾನು ಕೊಲೆಯಾದ. ಫಡನೀಸಿಕೆ ಆ ಮನೆಗೆ ಗಟ್ಟಿಯಾಯಿತು. ಅವನ ಮೊಮ್ಮಗ ಬಾಳಾಜಿ ಜನಾರ್ದನ ಹುಟ್ಟಿದ್ದು 1742ರಲ್ಲಿ. ಚರಿತ್ರೆ ಅವನನ್ನು ನಾನಾ ಫಡನವೀಸ ಎಂದು ಕರೆಯುತ್ತದೆ. ಭಾನು ಎಂದು ಯಾರೂ ಕರೆಯುವುದಿಲ್ಲ.

ನಾನಾ ಕತ್ತಿ ಹಿಡಿದವನಲ್ಲ. ಹತ್ತೊಂಬತ್ತು ತುಂಬುವ ಮೊದಲೇ ಪಾಣಿಪತ್ತಿನ ಸೋಲನ್ನು ಕಂಡ. ತಾಯಿಯನ್ನು ಆ ಗದ್ದಲದಲ್ಲಿ ಕಳಕೊಂಡು ಓಡಿ ಬಂದ. ಅದನ್ನೆಲ್ಲ ತನ್ನ ಆತ್ಮಚರಿತ್ರೆಯಲ್ಲಿ ಬರೆದಿಟ್ಟ. ಪರರ ಲೆಕ್ಕ ಬರೆಯುವ ಮನೆಯವನೊಬ್ಬ ತನ್ನ ಲೆಕ್ಕವನ್ನೂ ಬರೆದುಕೊಂಡ ಅಪರೂಪ ಅದು. ಅವನನ್ನು ಅಧಿಕಾರದ ನಡುಮನೆಗೆ ತಂದದ್ದು ಒಂದು ಕೊಲೆ; ಜನರ ಕಥೆಯಲ್ಲಿ ಅದರ ಹಿಂದೆಯೂ ಮತ್ತೆ ಒಂದು ಕಾಗದ.

1773ರ ಆಗಸ್ಟ್ 30ರಂದು ಪುಣೆಯ ಶನಿವಾರವಾಡೆಯಲ್ಲಿ ಗಾರ್ದಿ ಸಿಪಾಯಿಗಳು ತರುಣ ಪೇಶ್ವೆ ನಾರಾಯಣರಾಯನನ್ನು ಕಡಿದು ಹಾಕಿದರು. ಸಂಚು ಚಿಕ್ಕಪ್ಪ ರಘುನಾಥರಾಯನದು. ಸಿಪಾಯಿಗಳಿಗೆ ಅವನು ಕೊಟ್ಟ ಚೀಟಿಯಲ್ಲಿ ‘ಧರಾವೆ’, ಅಂದರೆ ಹಿಡಿಯಿರಿ ಎಂದಿತ್ತಂತೆ. ಅವನ ಹೆಂಡತಿ ಆನಂದೀಬಾಯಿ ‘ಧ’ವನ್ನು ‘ಮಾ’ ಮಾಡಿ ‘ಮಾರಾವೆ’, ಅಂದರೆ ಕೊಲ್ಲಿರಿ ಎಂದು ತಿದ್ದಿದಳಂತೆ. ಜನ ಇದನ್ನು ಇಂದಿಗೂ ನಂಬುತ್ತಾರೆ. ಇತಿಹಾಸಕಾರರಿಗೆ ಆ ಚೀಟಿ ಸಿಕ್ಕಿಲ್ಲ, ಆನಂದೀಬಾಯಿಯ ಪಾಲನ್ನು ಹಲವರು ಒಪ್ಪುವುದಿಲ್ಲ. ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆ ಹೊಣೆ ಹೊರಿಸಿದ್ದು ರಘುನಾಥರಾಯನ ಮೇಲೆ. ಆದರೂ ಒಂದು ಇಡೀ ಸಮಾಜ ಒಂದು ಕೊಲೆಯನ್ನು ಒಂದಕ್ಷರದ ತಿದ್ದುಪಡಿಯಾಗಿ ನೆನಪಿಟ್ಟುಕೊಂಡಿತು. ಬರೆಯುವ ಕೈಯ ಬಗ್ಗೆ ಆ ಕಾಲಕ್ಕಿದ್ದ ಭಯ ಇಷ್ಟು.

ಮರು ವರ್ಷ ನಾರಾಯಣರಾಯನ ಹೆಂಡತಿ ಹೆತ್ತ ಕೂಸನ್ನೇ ಗಾದಿಗೇರಿಸಿ ಮಂತ್ರಿಗಳು ರಾಜ್ಯ ನಡೆಸಿದರು. ಅವರಲ್ಲಿ ಕೊನೆಗೆ ಉಳಿದವನು ಫಡನೀಸ. ಸುಮಾರು ಕಾಲು ಶತಮಾನ ಮರಾಠರ ರಾಜಕಾರಣ ಅವನ ಮಸಿಕುಡಿಕೆಯ ಸುತ್ತ ತಿರುಗಿತು. ಇಂಗ್ಲಿಷರು, ನಿಜಾಮ, ಮಹಾದಜಿ ಸಿಂಧಿಯಾ, ಎಲ್ಲರೊಡನೆಯೂ ಪತ್ರದ ಚದುರಂಗ. ಟಿಪ್ಪುವಿನೊಡನೆಯ ಯುದ್ಧ 1786ರಲ್ಲಿ ಅವನನ್ನು ನಮ್ಮ ಕಡೆಗೂ ಎಳೆದು ತಂದಿತು. ಬಾದಾಮಿ ಮರಾಠರ ವಶವಾಯಿತು, 1787ರಲ್ಲಿ ಗಜೇಂದ್ರಗಡದ ಒಪ್ಪಂದದಲ್ಲಿ ಆ ಯುದ್ಧ ಮುಗಿಯಿತು. 1800ರ ಮಾರ್ಚ್ 13ರಂದು ನಾನಾ ತೀರಿಕೊಂಡ. ಹದಿನೆಂಟು ವರ್ಷದಲ್ಲಿ ಪೇಶ್ವೆಗಳ ರಾಜ್ಯವೂ ಮುಗಿಯಿತು.

*

1818ರಲ್ಲಿ ಇಂಗ್ಲಿಷರು ಪುಣೆಗೆ ಬಂದಾಗ ಕೋಟೆ ಕೊತ್ತಲಗಳ ಜೊತೆ ಅವರ ಕೈಗೆ ಸಾವಿರಾರು ಗಂಟು ಕಾಗದ ಬಿದ್ದವು. ಬಟ್ಟೆಯಲ್ಲಿ ಸುತ್ತಿ ಕಟ್ಟಿದ ಆ ಗಂಟುಗಳಿಗೆ ‘ರುಮಾಲು’ ಎಂದು ಹೆಸರು. ಹೊಸ ಸರಕಾರಕ್ಕೆ ರುಮಾಲು ಬೇಕಿತ್ತು, ರುಮಾಲು ಕಟ್ಟಿದ ಮನೆತನ ಬೇಕಿರಲಿಲ್ಲ. ಕಲೆಕ್ಟರ, ಮಾಮಲೇದಾರ, ಶಿರಸ್ತೇದಾರರ ಕಾಲ ಬಂತು. ಪರೀಕ್ಷೆ ಪಾಸಾದವನಿಗೆ ನೌಕರಿ, ತಿಂಗಳಿಗೆ ಸಂಬಳ, ಊರಿಂದೂರಿಗೆ ವರ್ಗ. ಮಗ ತಂದೆಯ ಮಗ್ಗುಲಲ್ಲಿ ಕೂತು ಕಲಿಯುವುದು ಏನೂ ಉಳಿಯಲಿಲ್ಲ.

ಆಮೇಲೆ 1852ರ ಇನಾಂ ಕಮಿಷನ್. ಕರ ಇಲ್ಲದೆ ಉಣ್ಣುತ್ತಿರುವ ನೆಲಕ್ಕೆ ದಾಖಲೆ ತೋರಿಸಿ ಎಂಬ ಹುಕುಂ. ಮುಂಬಯಿ ಪ್ರಾಂತದ ಉದ್ದಕ್ಕೂ, ನಮ್ಮ ಧಾರವಾಡ, ಬೆಳಗಾವಿಗಳಲ್ಲೂ ದೇಸಾಯರು, ಇನಾಂದಾರರು ಹಳೆಯ ಸನದುಗಳನ್ನು ಹುಡುಕಿಕೊಂಡು ಓಡಾಡಿದರು. ಇಲಿ ತಿಂದದ್ದು, ಗೆದ್ದಲು ಹಿಡಿದದ್ದು, ಅಣ್ಣ ತಮ್ಮಂದಿರ ಜಗಳದಲ್ಲಿ ಹರಿದದ್ದು. ಕಾಗದ ಬರೆದು ಬಾಳಿದ ಮನೆಗಳೇ ಕಾಗದ ಇಲ್ಲವೆಂದು ನೆಲ ಕಳೆದುಕೊಂಡವು. 1858ರಲ್ಲಿ ನರಗುಂದ, ಮುಂಡರಗಿಗಳಲ್ಲಿ ಎದ್ದ ಬೆಂಕಿಗೆ ದತ್ತು ನಿರಾಕರಣೆ, ಆಯುಧ ಕಸಿಯುವ ಕಾಯ್ದೆಗಳ ಜೊತೆಗೆ ಈ ಸಂಕಟವೂ ಸೌದೆಯಾಯಿತು. ಕೊನೆಯ ಮೊಳೆ ಬಿದ್ದದ್ದು ಸ್ವಾತಂತ್ರ್ಯ ಬಂದ ಮೇಲೆ: 1950ರ ಮುಂಬಯಿ ಕಾಯ್ದೆ ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ರದ್ದುಮಾಡಿತು.

ಹುದ್ದೆ ಹೋಯಿತು, ನೆಲ ಹೋಯಿತು, ಹೆಸರು ಮಾತ್ರ ಆ ಹೊತ್ತಿಗೆ ಗಟ್ಟಿಯಾಗಿತ್ತು. ಯಾಕೆಂದರೆ ಹೊಸ ಸರಕಾರ ಹುದ್ದೆಯನ್ನು ಕಿತ್ತುಕೊಂಡ ಕೈಯಿಂದಲೇ ಹೆಸರನ್ನು ಅಚ್ಚೊತ್ತಿತು. ಶಾಲೆಯ ಹಾಜರಿ, ಕೋರ್ಟಿನ ಅರ್ಜಿ, ಉತಾರ, ಎಲ್ಲಕ್ಕೂ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಬೇಕು. ಊರಿನ ಹೆಸರು, ತಂದೆಯ ಹೆಸರುಗಳ ಮೊದಲಕ್ಷರ ಹಚ್ಚಿಕೊಂಡು ಮುಗಿಸುವ ಹಳೆ ಮೈಸೂರಿನವರಿಗೆ ಈ ತಾಪತ್ರಯ ಇರಲಿಲ್ಲ. ಮುಂಬಯಿ ಪ್ರಾಂತದಲ್ಲಿ ಮಾಸ್ತರರು ಕೇಳಿದರು, ಅಜ್ಜನನ್ನು ಊರು ಏನೆಂದು ಕರೆಯುತ್ತಿತ್ತೋ ಅದನ್ನು ಮೊಮ್ಮಗ ಬರೆಸಿದ. ಅಜ್ಜ ಹಿಡಿದ ಲೆಕ್ಕಣಿಕೆ ಎಲ್ಲಿ ಹೋಯಿತೋ, ಅದರ ಹೆಸರು ಹಾಜರಿ ಪುಸ್ತಕದಲ್ಲಿ ಕೂತಿತು.

ಈ ಹೆಸರುಗಳು ಆಮೇಲೆ ಎಲ್ಲೆಲ್ಲೋ ಹೋದವು. ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ನೀಸ್ ಹಿಂದಿ ಚಿತ್ರರಂಗದ ತಾರೆಯಾದರು. ಸಾತಾರೆಯಲ್ಲಿ ಒಬ್ಬರು ಮಾತ್ರ ತಮ್ಮ ಹೆಸರಿನ ಕಸುಬಿಗೇ ಮರಳಿದರು. ದತ್ತಾತ್ರೇಯ ಬಳವಂತ ಪಾರಸನೀಸ, 1870ರಿಂದ 1926ರವರೆಗೆ ಬದುಕಿದ ಇತಿಹಾಸಕಾರ. ಮನೆ ಮನೆಯ ಅಟ್ಟ ಹತ್ತಿ ರುಮಾಲು ಬಿಚ್ಚಿ ಕಾಗದ ಕೂಡಿಹಾಕುವುದೇ ಅವರ ಜೀವನವಾಯಿತು. ವಾಯಿಯ ಬಳಿ ಕೃಷ್ಣೆಯ ದಡದ ಮೆಣವಲಿಯಲ್ಲಿ ನಾನಾ ಫಡನವೀಸ ಕಟ್ಟಿಸಿದ ವಾಡೆಯಿದೆ. ಅಲ್ಲಿಂದ ನಾನಾನ ಸ್ವಂತ ದಫ್ತರವನ್ನು ಬೆಳಕಿಗೆ ತಂದವರು ಅವರೇ. ಒಬ್ಬ ‘ನೀಸ’ ಬರೆದು ಕಟ್ಟಿಟ್ಟ ಗಂಟನ್ನು ನೂರು ವರ್ಷದ ಮೇಲೆ ಇನ್ನೊಬ್ಬ ‘ನೀಸ’ ಬಿಚ್ಚಿದ. ಅರಸರಿಗಾಗಿ ಕಾದಿಟ್ಟ ಗುಟ್ಟುಗಳು ಓದುಗರ ಪಾಲಾದವು.

ಕೃಷ್ಣೆ ಅಲ್ಲಿಂದ ಕೆಳಗಿಳಿದು ನಮ್ಮ ವಿಜಾಪುರದ ಸೀಮೆಗೆ ಬರುತ್ತಾಳೆ. ಲೆಕ್ಕದಿಂದ ಪಾರಸಿಯನ್ನು ಇಬ್ರಾಹಿಂ ತೆಗೆದುಹಾಕಿದ ಅದೇ ಸೀಮೆಯ ಇಂಡಿಯಲ್ಲಿ, ಅದಾಗಿ ಸುಮಾರು ನಾಲ್ಕು ನೂರು ವರ್ಷಕ್ಕೆ ಹುಟ್ಟಿದವರು ‘ತಬ್ಬಲಿಗಳು’ ಬರೆದ ಕಥೆಗಾರ ರಾಘವೇಂದ್ರ ಖಾಸನೀಸ. ಹೆಸರಿನ ತಲೆಯಲ್ಲಿ ಅರಬ್ಬಿ, ಬಾಲದಲ್ಲಿ ಪಾರಸಿ, ಒಕ್ಕಣೆ ಪೂರಾ ಕನ್ನಡ. ಖಾಸನೀಸ ಎಂದರೆ ಅರಸನ ಖಾಸಗಿಯನ್ನು ಬರೆದಿಟ್ಟು ಬಾಯಿ ಮುಚ್ಚಿಕೊಂಡಿರುವವನು. ಈ ಖಾಸನೀಸರು ಬರೆದದ್ದೂ ಖಾಸಗಿಯನ್ನೇ, ಆದರೆ ನಮ್ಮಂಥ ಮಾಮೂಲಿ ಮನೆಗಳದು. ಕೆಳಗೆ ಒತ್ತಿಸಿಕೊಳ್ಳಲು ಯಾವ ಅರಸನ ಮುದ್ರೆಯೂ ಬೇಕಾಗಲಿಲ್ಲ.